ಅತ್ತೆಯವರ ಅರ್ಧ ಹೆಜ್ಜೆ

ಒಂದಾದ ಮೇಲೆ ಎರಡು ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನ ಹುಟ್ಟಿರಲಿಲ್ಲ. ಕಡೂರು ಸುತ್ತಿನ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರಾಗಿ ಮಕ್ಕಳನ್ನು ಸಾಲು ನಿಲ್ಲಿಸಿದವನು ನಾನು. ನಿವೃತ್ತನಾದ ಮೇಲೂ ಹಾಸಿಗೆ ಮಡಿಸದೆ ಕಾಫಿ ಮುಟ್ಟಿದವನಲ್ಲ. ಬಾಗಿಲಲ್ಲಿ ಚಪ್ಪಲಿಗಳು ಜೋಡಿಯಾಗಿ, ಹೊರಮುಖವಾಗಿ ಇರಬೇಕು. ಬಂದ ನೆಂಟರು ನೀರು ಕುಡಿಯುವಷ್ಟರಲ್ಲಿ ಅವರ ಚಪ್ಪಲಿಯನ್ನೂ ತಿರುಗಿಸಿ ಇಟ್ಟಿರುತ್ತೇನೆ. ಅದಕ್ಕೆ ‘ಬೇಗ ಹೊರಡಿ’ ಎಂಬ ಅರ್ಥವೂ ಬರುತ್ತದೆಂದು ನನ್ನ ಹೆಂಡತಿ ಪಾರ್ವತಿ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಇಂಥವನ ಪಾಲಿಗೆ ಒಂದು ಹಳೆಯ ಮದುವೆ ವಿಡಿಯೋ ಕ್ಯಾಸೆಟ್ಟು ಬಂತು.

ಮದುವೆ ನಮ್ಮದೇ. ಅಜ್ಜಂಪುರದಲ್ಲಿ ಮಾವನವರ ಮನೆಯ ಮುಂದೆ ಚಪ್ಪರ ಹಾಕಿ ನಡೆದದ್ದು. ಆಗ ನನ್ನ ನಾದಿನಿ ಮಂಜುಳ ಕಂಕುಳ ಕೂಸು. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅತ್ತೆಯವರು ಹೋಗಿಬಿಟ್ಟರು. ಮನೆಯಲ್ಲಿ ಫೋಟೋಗಳಿವೆ, ಆದರೆ ಎಲ್ಲದರಲ್ಲೂ ಅತ್ತೆಯವರು ಕುರ್ಚಿಗೆ ಹೆದರಿದವರಂತೆ ಕೂತಿದ್ದಾರೆ. ಈಚೆಗೆ ಮಂಜುಳ ಬಂದಾಗ ಇದ್ದಕ್ಕಿದ್ದಂತೆ, “ಅವ್ವ ನಡೆಯೋದು ಹೆಂಗಿತ್ತು ಭಾವ?” ಎಂದಳು. ಪಾರ್ವತಿ ಎದ್ದು ನಡೆದು ತೋರಿಸಿದಳು. ಅದು ಪಾರ್ವತಿ ನಡೆದ ಹಾಗೆಯೇ ಇತ್ತು. ಆಗ ಕ್ಯಾಸೆಟ್ಟಿನ ನೆನಪಾಯಿತು. ಅದರಲ್ಲಿ ಒಂದು ಕಡೆ ಅತ್ತೆಯವರು ಎಲೆಅಡಿಕೆ ತಟ್ಟೆ ಹಿಡಿದು ಚಪ್ಪರದ ಈ ಕಂಬದಿಂದ ಆ ಕಂಬಕ್ಕೆ ಹೋಗುತ್ತಾರೆ.

ಟೇಪಿಗೆ ಬೂಷ್ಟು ಹಿಡಿದಿತ್ತು. ತರೀಕೆರೆಯ ಸ್ಟುಡಿಯೋದವರು ಒರೆಸಿ, ಒಮ್ಮೆ ಓಡಿಸಿ, ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವ್ ಕೊಟ್ಟರು. “ಇನ್ನೊಂದ್ಸಲ ಓಡ್ಸಿದ್ರೆ ಟೇಪು ಪುಡಿಯಾಗೋಯ್ತದೆ ಮೇಷ್ಟ್ರೇ. ಈಗ ಇರೋದು ಇಷ್ಟೇ, ಜೋಪಾನ.” ಮನೆಗೆ ತಂದರೆ ನಮ್ಮ ಟಿವಿ ಆ ಫೈಲನ್ನು ತನ್ನದಲ್ಲ ಎಂದಿತು. ಟಿವಿ ಒಪ್ಪುವ ಫಾರ್ಮ್ಯಾಟಿಗೆ ಬದಲಾಯಿಸಬೇಕಿತ್ತು. ಅದೇನು ಮಹಾ ಎಂದು ಲ್ಯಾಪ್‌ಟಾಪಿನ ಮುಂದೆ ಕೂತೆ.

ಟಿವಿಯಲ್ಲಿ ಚಿತ್ರ ಬಂತು. ಚಪ್ಪರದ ಕಂಬ, ಬಾಳೆಕಂದು, ಮಂತ್ರ ಹೇಳಲು ಕೂತ ಅಯ್ಯನವರು, ಎಲ್ಲ ಸ್ಪಷ್ಟ. ಅತ್ತೆಯವರು ಹೆಜ್ಜೆ ತೆಗೆದರು ನೋಡಿ, ಅವರ ಸೀರೆ, ಕೈ, ಮುಖದ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಗೀರುಗೀರಾಗಿ ಸೀಳಿಕೊಂಡಿತು. ನಿಂತರೆ ಅತ್ತೆ, ನಡೆದರೆ ಬಾಚಣಿಗೆ. ಟಿವಿ ಒರೆಸಿದೆ. ವೈರು ಬದಲಾಯಿಸಿದೆ. ಬೇರೊಂದು ಫಾರ್ಮ್ಯಾಟಿಗೆ ಹಾಕಿದೆ. ಹಲ್ಲುಗಳ ಜೊತೆಗೆ ಸೀರೆಯ ಮೇಲೆ ಇಟ್ಟಿಗೆ ಜೋಡಿಸಿದಂಥ ಚೌಕಗಳೂ ಬಂದವು. ಚಿತ್ರವನ್ನು ಟಿವಿಯ ಅಗಲಕ್ಕೆ ಎಳೆದೆ. ಕಡ್ಡಿಯಂತಿದ್ದ ಮದುಮಗ ಅಡಿಕೆ ಮಂಡಿಯ ಮಾಲೀಕನಂತೆ ಕಂಡ. ಅದನ್ನು ಅಳಿಸಲು ಸ್ವಲ್ಪ ತಡಮಾಡಿದೆನೆಂದು ನಿಮ್ಮಲ್ಲಿ ಮಾತ್ರ ಹೇಳುತ್ತಿದ್ದೇನೆ. ಇನ್ನೊಂದು ಕಡೆ ನನ್ನ ಮುಖ ಕಿಟಕಿಯ ಪಟ್ಟಿಗಳ ಹಾಗೆ ತುಂಡುತುಂಡಾಗಿ ಬೀಳುತ್ತಿತ್ತು. ಅದನ್ನು ಸರಿಪಡಿಸಲು ಇಡೀ ಮಧ್ಯಾಹ್ನ ಹೆಣಗಿದೆ. “ಅದು ದೋಷ ಅಲ್ಲ ಕಣ್ರೀ, ನಮ್ಮಪ್ಪ ಕೇಳಿ ಹಾಕ್ಸಿದ್ ಸ್ಪೆಷಲ್ಲು,” ಎಂದಳು ಪಾರ್ವತಿ. ಆ ಕಾಲದಲ್ಲಿ ಮದುಮಗನ ಮುಖವನ್ನು ಹಾಗೆ ಬೀಳಿಸದಿದ್ದರೆ ವಿಡಿಯೋದವನಿಗೆ ಕಸುಬು ಬರುವುದಿಲ್ಲ ಎನ್ನುತ್ತಿದ್ದರು.

ಮಧ್ಯಾಹ್ನಗಳು ಹೀಗೇ ಹೋದವು. ಊರು ಮಲಗಿರುವ ಹೊತ್ತು. ತೆಂಗಿನ ಗರಿಯ ನೆರಳು ಗೋಡೆಯಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಚಪ್ಪರದೊಳಕ್ಕೆ ಜಾರಿ, ಯಾವುದು ಇಂದಿನ ನೆರಳು, ಯಾವುದು ಅಂದಿನದು ತಿಳಿಯುತ್ತಿರಲಿಲ್ಲ. ದೂರದಲ್ಲಿ ರೈಲು ಕೂಗಿದರೆ ಅದೂ ಮದುವೆಗೆ ಜನ ತಂದಿತೇನೋ ಅನ್ನಿಸುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ ಚಿತ್ರವನ್ನು ತಡೆದು ನಿಲ್ಲಿಸಿ ನೋಡುತ್ತಾ ಕೂತಾಗ ವಿಷಯ ಅರ್ಥವಾಯಿತು. ಹಳೆಯ ಕ್ಯಾಮೆರಾ ಒಂದು ಚಿತ್ರವನ್ನು ಒಮ್ಮೆಗೇ ಬರೆಯುತ್ತಿರಲಿಲ್ಲ. ಒಂದು ಗೆರೆ ಬಿಟ್ಟು ಒಂದು ಗೆರೆ ಬರೆದು, ಮತ್ತೆ ಬಂದು ಬಿಟ್ಟ ಗೆರೆ ತುಂಬುತ್ತಿತ್ತು. ಅಷ್ಟರಲ್ಲಿ ಅತ್ತೆಯವರು ಮುಂದೆ ಹೋಗಿರುತ್ತಿದ್ದರು. ನಾನು ಹಿಂದಿನ ಅತ್ತೆಯನ್ನೂ ಮುಂದಿನ ಅತ್ತೆಯನ್ನೂ ಒಂದೇ ಚೌಕಟ್ಟಿಗೆ ಹೊಲಿದಿದ್ದೆ.

ಎರಡು ಅರ್ಧಗಳನ್ನು ಬಿಡಿಸಿ ಒಂದರ ಹಿಂದೆ ಒಂದು ತೋರಿಸಿದರಾಯಿತು. ಸಾಫ್ಟ್‌ವೇರು, ಯಾವ ಅರ್ಧ ಮೊದಲು ಎಂದು ಕೇಳಿತು. ಇದನ್ನೂ ಕೇಳಬೇಕೆ? ಮೇಲಿನ ಮೊದಲ ಗೆರೆ ಇರುವ ಅರ್ಧವೇ ಮೊದಲು ಎಂದು ಒತ್ತಿದೆ. ಹಲ್ಲುಗಳು ಮಾಯವಾದವು. ಆದರೆ ಅತ್ತೆಯವರು ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದಕ್ಕೆ ಬಂದರು. ಮತ್ತೆ ಮುಂದೆ, ಮತ್ತೆ ಹಿಂದೆ. ಒಳಗಿನಿಂದ ಯಾರೋ ಕರೆದಂತೆ, ಹೋಗಲೋ ಬೇಡವೋ ಎಂದು ನಡುಗುತ್ತಾ ಚಪ್ಪರದಲ್ಲೇ ಇದ್ದರು.

“ಎರಡ್ನೇದನ್ನ ಮೊದ್ಲು ಬಿಟ್ಟು ನೋಡ್ರಿ,” ಎಂದಳು ಪಾರ್ವತಿ, ಬಟಾಣಿ ಬಿಡಿಸುತ್ತಾ.

“ಎರಡನೇದು ಮೊದಲು ಹೆಂಗ್ ಬತ್ತದೆ?”

“ಎಲ್ಲಾನೂ ನಿಮ್ಮ ಸ್ಕೂಲಲ್ಲ ಕಣ್ರೀ.”

ತತ್ವದ ಪ್ರಶ್ನೆಯಾದ್ದರಿಂದ ಅವಳು ಅಡುಗೆಮನೆಗೆ ಹೋಗುವವರೆಗೆ ಕಾದು, ಆಮೇಲೆ ಬಿಟ್ಟು ನೋಡಿದೆ. ಅತ್ತೆಯವರು ನಡೆದರು. ನೀರು ಹರಿದಂತೆ ನಡೆದರು. ಆ ಕ್ರಮವನ್ನೇ ಸಾಫ್ಟ್‌ವೇರಿನಲ್ಲಿ ಕಾಯಂ ಮಾಡಿ, ತಪ್ಪಾದ ಫೈಲುಗಳನ್ನೆಲ್ಲ ಅಳಿಸಿ, ಕೈ ತೊಳೆದುಕೊಂಡೆ.

ಮಂಜುಳ ಬಸ್ಸಿಳಿದು ನೇರ ಟಿವಿಯ ಮುಂದೆ ಕೂತಳು. ಅತ್ತೆಯವರು ಎಡ ಭುಜವನ್ನು ಕೊಂಚ ಇಳಿಸಿ, ಪಾದವನ್ನು ಒಳಮುಖವಾಗಿ ಇಡುತ್ತಾ, ಕಂಬದಿಂದ ಕಂಬಕ್ಕೆ ಹೋಗಿ ಮರೆಯಾದರು. ಮಂಜುಳ ಎದ್ದು ನೀರು ಕುಡಿಯಲು ಒಳಗೆ ಹೋದಳು. ಪಾರ್ವತಿ ಅವಳ ಪಾದಗಳನ್ನು ನೋಡಿ ನನ್ನ ಕಡೆ ತಿರುಗಿದಳು. ನಾನೂ ಅದನ್ನೇ ನೋಡುತ್ತಿದ್ದೆ.

ಮಂಜುಳ ಬಂದು ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. ಕೊನೆಗೆ ಮೆಲ್ಲಗೆ, “ಬಿರ್ರನೆ ಹೋಗ್ಬಿಡ್ತಾಳಲ್ಲ ಭಾವ,” ಎಂದಳು.

“ಮೊದ್ಲು ಹಿಂದಕ್ಕೂ ಮುಂದಕ್ಕೂ ಆಡ್ತಾ ಅಲ್ಲೇ ಇದ್ಲು ಕಣೇ. ಇವ್ರು ಸರಿ ಮಾಡ್ಬಿಟ್ರು,” ಎಂದು ಪಾರ್ವತಿ ಚಾಡಿ ಹೇಳಿದಳು.

“ಅದನ್ನೂ ಕೊಡಿ ಭಾವ. ಇದೂ ಇರ್ಲಿ, ಅದೂ ಇರ್ಲಿ.”

ಮರುದಿನ ಊಟವಾದ ಮೇಲೆ ಬಾಗಿಲು ಓರೆ ಮಾಡಿ ಕೂತೆ. ಅಳಿಸಿದ್ದನ್ನು ಮತ್ತೆ ಮಾಡಬೇಕು, ಅದೂ ತಪ್ಪಾಗಿ. ಮೇಲಿನದು ಮೊದಲು ಎಂದು ಒತ್ತಿದೆ. ನಾನೇ ಕಾಯಂ ಮಾಡಿದ ಕ್ರಮ ಅದನ್ನು ತಿದ್ದಿತು. ಮತ್ತೆ ಒತ್ತಿದೆ, ಮತ್ತೆ ತಿದ್ದಿತು. ನೆರಳು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಪಾರ್ವತಿ ಇಣುಕಿದಳು.

“ಆಯ್ತೇನ್ರೀ?”

“ಇಲ್ಲ ಕಣೇ. ಮತ್ತೆ ಸರಿಯಾಗೇ ಬಂದ್ಬಿಡ್ತು.”