ಜಿಲೇಬಿಗೆ ಮೂಗುದಾರ

ಸಮುದ್ರದ ಮೀನಿಗೆ ಊಟ ಮುಟ್ಟಿಸಲೆಂದೇ ಬೆಳಗಾವಿಯಲ್ಲಿ ಬಸ್ಸು ಹತ್ತುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಕಾಕಾ, ನನ್ನ ಅಪ್ಪನ ಕೊನೆಯ ತಮ್ಮ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೀನಿನ ಬಕೀಟು! ಮೀನು ತಿನ್ನುತ್ತಾರೆಯೇ? ಶಿವ ಶಿವಾ, ತತ್ತಿ ಹಾಕಿದ್ದಾರೆಂಬ ಅನುಮಾನ ಬಂದರೆ ಕೇಕನ್ನೂ ಮೂಸಿ ನೋಡಿ ಬದಿಗಿಡುವವರು. ಆದರೆ ದೊಡ್ಡ ಮೀನು ಹಿಡಿಯಲು ಜೀವಂತ ಸಣ್ಣ ಮೀನನ್ನು ಗಾಳಕ್ಕೆ ಹೇಗೆ ಕಟ್ಟಬೇಕೆಂದು ಒಮ್ಮೆ ಕೇಳಿ ನೋಡಿ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ.

ಹಿಂದವಾಡಿಯಲ್ಲಿ ಮಹಡಿಯ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿ ಅವರು ಒಬ್ಬರೇ ಇರುತ್ತಾರೆ. ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸಿ ನಿವೃತ್ತರಾದವರು. ಲಗ್ನ ಆಗಲಿಲ್ಲ. ಆಗಬಾರದೆಂದು ಯಾರೂ ಅನ್ನಲಿಲ್ಲ. ಒಮ್ಮೆ ಅಜ್ಜನ ಕಾಯಿಲೆ, ಇನ್ನೊಮ್ಮೆ ಅತ್ತೆಯ ಬಾಣಂತನ, ಹೀಗೆ ಅವರ ಪಾಳಿ ಹಿಂದೆ ಹಿಂದೆ ಸರಿದು, ಕೊನೆಗೆ ಎಲ್ಲರಿಗೂ ಮರೆತೇಹೋಯಿತು. ನಿವೃತ್ತಿಯ ವರ್ಷ ಕಾರ್ಖಾನೆಯವರ ಜೊತೆ ಕಾರವಾರಕ್ಕೆ ಹೋದಾಗ, ಕಾಳಿ ನದಿ ಸಮುದ್ರ ಸೇರುವಲ್ಲಿ ಯಾರೋ ಜೀವಂತ ಮೀನು ಕಟ್ಟಿ ಗಾಳ ಬಿಡುವುದನ್ನು ನೋಡಿದರು. ಅಲ್ಲಿಂದ ಬಂದವರು ಮೊದಲಿನ ಕಾಕಾ ಆಗಿರಲಿಲ್ಲ!

ಒಂದು ದಿನ ಖಾನಾಪುರದ ನಮ್ಮ ಮನೆಗೆ ಫೋನ್ ಮಾಡಿ, ಮನೆಯಲ್ಲಿ ಜಿಲೇಬಿ ಇವೆ ಎಂದರು. ಅವ್ವ ಸಂತೋಷದಿಂದ ನನ್ನ ಕೈಗೆ ಡಬ್ಬಿ ಕೊಟ್ಟು ಕಳಿಸಿದಳು. ಹೋಗಿ ನೋಡಿದರೆ ಗಚ್ಚಿಯ ಮೇಲೊಂದು ನೀಲಿ ಡ್ರಮ್ಮು, ಅದರೊಳಗೆ ಈಜಾಡುವ ಜಿಲೇಬಿ ಮೀನುಗಳು! ಹಲಸಿಯ ಹತ್ತಿರ ಗೆಳೆಯನೊಬ್ಬನ ಹೊಲದ ಹೊಂಡದಿಂದ ತಂದಿದ್ದರಂತೆ. ಸಿಹಿನೀರಿನ ಮೀನು ಸಮುದ್ರದಲ್ಲಿ ತಕ್ಷಣ ಸಾಯುತ್ತದೆ, ಅದಕ್ಕೇ ದಿನಾ ಒಂದಿಷ್ಟು ಉಪ್ಪು ಹಾಕಿ ರೂಢಿ ಮಾಡಿಸುತ್ತೇನೆ ಎಂದರು. ಹೇಳುತ್ತಲೇ ಡ್ರಮ್ಮಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಸಾರಿನ ಉಪ್ಪು ನೋಡಿದವರ ಹಾಗೆ ತಲೆಯಾಡಿಸಿದರು. ನನಗೂ ರುಚಿ ನೋಡೆಂದರು. ಖಾಲಿ ಡಬ್ಬಿ ಹಿಡಿದು ವಾಪಸಾದೆ.

ಮೀನಿನ ನೀರು ಗುಲಾಬಿಗೆ ಒಳ್ಳೆಯದೆಂದು ಕೇಳಿದ್ದ ಕೆಳಗಿನ ಮನೆಯೊಡತಿ, ಓಣಿಯವರೆಲ್ಲ ವಹಿನಿ ಎಂದು ಕರೆಯುವ ಮರಾಠಿ ಹೆಂಗಸು, ಕಾಕಾ ಇಲ್ಲದಾಗ ಆ ಡ್ರಮ್ಮಿನಿಂದ ಎರಡು ಕೊಡ ತುಂಬಿ ಗಿಡಗಳಿಗೆ ಹಾಕಿದರು. ಗುಲಾಬಿಗಳ ಗತಿ ಏನಾಯಿತೆಂದು ಬೇರೆ ಹೇಳಬೇಕೆ? ಆಮೇಲೆ ವಹಿನಿ ದಿನಾ ಮಹಡಿ ಹತ್ತಿ ಬಂದು ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಬೈದು ಹೋಗುತ್ತಿದ್ದರು. ಕಾಕಾ ಅವರಿಗೆ ಕುರ್ಚಿ ಹಾಕಿ ಕೂರಿಸಿ ಬೈಸಿಕೊಳ್ಳುತ್ತಿದ್ದರು. ಹೊಸ ಗಿಡ ತಂದುಕೊಟ್ಟ ಮೇಲೆ ಬೈಗುಳ ನಿಂತಿತು. ಕೆಲವು ದಿನ ಕಾಕಾ ಯಾಕೋ ಸಪ್ಪಗಿದ್ದರು.

ಕಳೆದ ಚಳಿಗಾಲದಲ್ಲಿ, ಒಮ್ಮೆಯಾದರೂ ಬಂದು ನೋಡು ಎಂದು ದುಂಬಾಲು ಬಿದ್ದರು. ನಾನು ಖಾನಾಪುರದಲ್ಲಿ ಅವರ ಬಸ್ಸು ಹತ್ತಿದೆ. ಅಷ್ಟರಲ್ಲಾಗಲೇ ಅರ್ಧ ಬಸ್ಸು ಬಕೀಟಿನ ಸುತ್ತ ಬಾಗಿ ನಿಂತಿತ್ತು. ಬ್ಯಾಟರಿಯ ಪುಟ್ಟ ಪಂಪು ನೀರಿನಲ್ಲಿ ಗುಳುಗುಳು ಗಾಳಿ ಬಿಡುತ್ತಿತ್ತು. ಕಂಡಕ್ಟರ್ ಲಗೇಜಿನ ತಿಕೀಟು ಕೇಳಿದ.

"ಲಗೇಜ್ ಅಲ್ರೀ, ಜೀವಂತ ಅದಾವ," ಎಂದರು ಕಾಕಾ.

"ಹಂಗಾರ ಎಷ್ಟ ಮಂದಿ ಅದಾರ ಹೇಳ್ರಿ, ಅರ್ಧ ತಿಕೀಟ ಹರೀತೀನಿ."

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕರು. ಮುಂದಿನ ಸೀಟಿನ ಅಜ್ಜಿ, ಸಮುದ್ರದಲ್ಲಿ ಮೀನಿಗೇನು ಬರವೇ ಎಂದು ಕೇಳಿದಳು. ಗುರುತು ಪರಿಚಯ ಇಲ್ಲದ ಮೀನನ್ನು ಗಾಳಕ್ಕೆ ಕಟ್ಟುವುದು ಹೇಗೆ ಎಂದು ಕಾಕಾ ತಿರುಗಿ ಕೇಳಿದರು. ಅಜ್ಜಿಗೆ ಅದು ಸರಿಯೆನ್ನಿಸಿತು!

ಕಾರವಾರದಲ್ಲಿ ಕಲ್ಲಿನ ದಂಡೆಯ ಮೇಲೆ ಕುಳಿತು ಕೈ ಒದ್ದೆ ಮಾಡಿಕೊಂಡರು. ಒಣಗಿದ ಕೈ ತಾಗಿದರೆ ಮೀನಿಗೆ ಸುಡುತ್ತದಂತೆ. ಬೆನ್ನಿಗೆ ಗಾಳ ಚುಚ್ಚಲಿಲ್ಲ. ಮೂಗಿನ ಹತ್ತಿರ ಸೂಜಿಯಿಂದ ಸಣ್ಣ ದಾರ ಹಾಯಿಸಿ, ಎತ್ತಿಗೆ ಮೂಗುದಾರ ಹಾಕಿದ ಹಾಗೆ ಕಟ್ಟಿ, ಆ ದಾರಕ್ಕೆ ಗಾಳ ಸಿಕ್ಕಿಸಿದರು. ಜಿಲೇಬಿ ಏನೂ ಆಗಿಲ್ಲವೆಂಬಂತೆ ಈಜುತ್ತ ಹೋಯಿತು.

ಒಂದೊಂದಾಗಿ ಬಕೀಟು ಖಾಲಿಯಾಗಿ, ಕೊನೆಯ ಜಿಲೇಬಿ ಬಿಟ್ಟು ಬಹಳ ಹೊತ್ತಾದ ಮೇಲೆ ದಾರ ಸರ್ರನೆ ಓಡತೊಡಗಿತು. ನಾನು ಎದ್ದುನಿಂತೆ. ಜಗ್ಗಬೇಡ, ಅದು ತಾನಾಗಿ ಒಯ್ಯಲಿ ಎಂದರು. ಆಮೇಲೆ ನಡೆದ ಜಗ್ಗಾಟಕ್ಕೆ ದಂಡೆಯ ಜನವೆಲ್ಲ ಕೂಡಿತು. ಒಬ್ಬ ಕಾಕಾನ ಸೊಂಟ ಹಿಡಿದ, ಇನ್ನೊಬ್ಬ ಬಲೆ ತಂದ, ಮತ್ತೊಬ್ಬ ಮೊಬೈಲು ತೆಗೆದ. ತೋಳುದ್ದದ ಚೊಣಕ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು! ಕಾಕಾನ ಹೆಸರು, ಊರು ಎಲ್ಲರೂ ಕೇಳಿದರು. ಕಾಕಾ ಎಲ್ಲರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ನಂತರ ಗಾಳ ಬಿಡಿಸಿ, ಮೊಣಕಾಲುದ್ದ ನೀರಿಗಿಳಿದು, ಅದು ಚೇತರಿಸಿಕೊಳ್ಳುವ ತನಕ ಹಿಡಿದು ನಿಂತು, ಬಿಟ್ಟುಬಿಟ್ಟರು.

ಜನ ಬಾಯಿ ತೆರೆದು ನೋಡಿತು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ನಡೆದರು. ಕಾಕಾ ಪ್ಯಾಂಟು ಹಿಂಡಿಕೊಳ್ಳುತ್ತ ಮೇಲೆ ಬರುವಷ್ಟರಲ್ಲಿ ದಂಡೆಯ ಮೇಲೆ ನಾನೊಬ್ಬಳೇ ಇದ್ದೆ.

"ಎಲ್ಲಾರೂ ಹೋದ್ರೇನು?" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಖಾಲಿ ಬಕೀಟು ನಮ್ಮಿಬ್ಬರ ನಡುವೆ ಇತ್ತು. ಯಾರೂ ಬಗ್ಗಿ ನೋಡಲಿಲ್ಲ. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೇಕೆ ಇಷ್ಟು ಪಡಿಪಾಟಲು ಎಂದು ಕೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದರು:

"ಬಕೀಟಿನ್ಯಾಗ ಮೀನ ಇದ್ರ ಮಂದಿ ಮಾತಾಡಸ್ತಾರ, ಮಗಳ. ಬರೇ ನಾನಽ ಇದ್ರ ಯಾರು ಮಾತಾಡಸ್ತಾರ?"

ಸಂಜೆ ಖಾನಾಪುರ ಬಂತು. ನಿನ್ನ ಊರು ಬಂತು, ಇಳಿ ಎಂದರು. ನಾನು ಕಂಡಕ್ಟರನನ್ನು ಕರೆದು ಬೆಳಗಾವಿಗೆ ಇನ್ನೊಂದು ತಿಕೀಟು ತೆಗೆದುಕೊಂಡೆ. ಅವ್ವನಿಗೆ ಫೋನ್ ಮಾಡಿ, ಈವತ್ತು ಕಾಕಾನ ಮನೆಯಲ್ಲೇ ಇರುತ್ತೇನೆ ಎಂದೆ.

ಕಾಕಾ ಬಕೀಟನ್ನು ಎತ್ತಿ ಕಾಲ ಕೆಳಗೆ ಇಟ್ಟುಕೊಂಡರು. ಬಸ್ಸು ಊರು ದಾಟಿತು. ಕೊನೆಗೆ ನಾಚಿಕೊಂಡು, ಬಹಳ ಮೆಲ್ಲಗೆ ಕೇಳಿದರು:

"ಇಬ್ಬರಿಗೆ ಅನ್ನಕ್ಕ ಎಷ್ಟ ಅಕ್ಕಿ ಹಾಕಬೇಕಽ ಮಗಳ? ನನಗ ಗೊತ್ತಿಲ್ಲ."