ಅಳಿಯಂದಿರ ಗೋಡೆ

ಬಾದಾಮಿಯ ಈರಪ್ಪನವರ ಮನೆಯ ಪಡಸಾಲೆಯಲ್ಲಿದ್ದ ಗೋಡೆಯೊಂದರ ಮೇಲೆ ಅವರ ಸಣ್ಣ ಅಳಿಯ ಅಮಾತೆಪ್ಪನಿಗೆ ಬಹಳ ದಿನದ ಸಿಟ್ಟಿತ್ತು. (ಗೋಡೆ ಪಾಪ, ಅವನಿಗೆ ಏನೂ ಮಾಡಿರಲಿಲ್ಲ.) ಅದರ ಮೇಲೆ ಬಸವಣ್ಣನವರ ಫೋಟೋ ಇತ್ತು, ಸರಿ. ಈರಪ್ಪನವರ ತಂದೆಯ ಫೋಟೋ ಇತ್ತು, ಅದೂ ಸರಿ. ಅವೆರಡರ ಕೆಳಗೆ, ಕೋಟು ತೊಟ್ಟು, ತೊಡೆಯ ಮೇಲೆ ಮಗನನ್ನು ಕೂಡ್ರಿಸಿಕೊಂಡು, ಇಡೀ ಹುನಗುಂದ ತಾಲೂಕನ್ನು ಆಗಷ್ಟೇ ಅಳೆದು ಮುಗಿಸಿ ಬಂದವನ ಹಾಗೆ ನೋಡುತ್ತಿದ್ದ ದೊಡ್ಡ ಅಳಿಯ ಗುರಪ್ಪನ ಫೋಟೋ ಇತ್ತಲ್ಲ, ಅದು ಸರಿಯಿರಲಿಲ್ಲ. ಗುರಪ್ಪ ತಲಾಠಿ, ಊರಿನ ಹೊಲಗಳ ಲೆಕ್ಕ ಬರೆಯುವ ಸರಕಾರಿ ಮನುಷ್ಯ. ಅವನ ಪಕ್ಕದಲ್ಲಿ ಒಂದು ಖಾಲಿ ಮೊಳೆ.

ಹೆರಿಗೆಗೆಂದು ತವರಿಗೆ ಬಂದ ಸಂಗವ್ವ ಇನ್ನೂ ಅಲ್ಲಿಯೇ ಇದ್ದಳು. ಕೂಸು ನೀಲವ್ವನಿಗೆ ಆಗ ನಾಲ್ಕು ತಿಂಗಳು. ಇಳಕಲ್ಲಿನ ಅಂಗಡಿಯೊಂದರಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸುವ, ಗಿರಾಕಿ ಎದ್ದು ಹೋದ ಮೇಲೆ ಅವನ್ನೆಲ್ಲ ಮತ್ತೆ ಮಡಚಿಡುವ ಘನಕಾರ್ಯದಲ್ಲಿದ್ದ ಅಮಾತೆಪ್ಪ, ಅಂಗಡಿಗೆ ರಜೆ ಬಂದಾಗಲೆಲ್ಲ ಬಸ್ಸು ಹತ್ತಿ ಬಾದಾಮಿಗೆ ಬರುತ್ತಿದ್ದ. ಬಂದರೆ ಅತ್ತೆ ಗುರುಲಿಂಗವ್ವ ಅವನನ್ನು ಸರಿಯಾಗಿ ಆ ಗೋಡೆಯ ಎದುರಿಗೇ ಕೂಡ್ರಿಸಿ ರೊಟ್ಟಿ ಬಡಿಸುತ್ತಿದ್ದಳು. ಅವನು ತುತ್ತು ಎತ್ತಿದರೆ ಗುರಪ್ಪ ನೋಡುತ್ತಿದ್ದ, ನೀರು ಕುಡಿದರೆ ಗುರಪ್ಪ ನೋಡುತ್ತಿದ್ದ. ಎಣ್ಣೆಗಾಯಿ ಇನ್ನೊಂದು ಹಾಕಿಸಿಕೊಳ್ಳಬೇಕೆಂದರೂ ತಲಾಠಿಯ ಅಪ್ಪಣೆ ಬೇಕೇನೋ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಗುರುಲಿಂಗವ್ವ ರೊಟ್ಟಿ ಹಾಕುತ್ತ ಗೋಡೆಯ ಕಡೆ ನೋಡಿದಳು.

“ಆ ಮೊಳಿ ಸುಮ್ಮನ ಖಾಲಿ ಐತ್ರಿ. ಸೊಸೈಟಿಯವ್ರು ಕ್ಯಾಲೆಂಡರ್ ಕೊಟ್ಟಾರ, ಅದನ್ನ ಹಾಕಿಬಿಡ್ತೇನಿ.”

ಅಮಾತೆಪ್ಪ ಎತ್ತಿದ ತುತ್ತನ್ನು ತಾಟಿಗೆ ಹಾಕಿದ.

“ಹಾಕಬ್ಯಾಡ್ರಿ ಅತ್ತಿ! ನಮ್ಮ ಫೋಟೋ ತೆಗಸೂನು. ಕೂಸು, ನಾನು, ಸಂಗವ್ವ. ಕೂಸಿನ್ನ ಇಳಕಲ್ಲಿಗೆ ಕಳಿಸೂ ದಿನಾ ಬೀಗರೆಲ್ಲ ಕೂಡ್ತಾರ. ಅಷ್ಟರಾಗ ಗ್ವಾಡಿ ಏರಬೇಕು.”

“ಕೂಸು ಏರಬೇಕೋ, ನೀವು ಏರಬೇಕೋ?” ಒಳಗಿನಿಂದ ಸಂಗವ್ವನ ದನಿ ಬಂತು.

“ಇಬ್ಬರೂ ಏರಿದ್ರ ಗ್ವಾಡಿ ಏನ್ ಬೀಳೂದಿಲ್ಲ ಬಿಡು.”

“ಮೊದಲ ಆ ಕಾಲು ಕುಣಸೂದು ಬಿಡ್ರಿ ಅಳಿಯಂದ್ರ,” ಎಂದಳು ಗುರುಲಿಂಗವ್ವ. “ಮನಿಗೆ ದರಿದ್ರ ಬರತೈತಿ.”

ಕೂತಲ್ಲಿ ಮೊಣಕಾಲು ಕುಣಿಸುವುದು ಅಮಾತೆಪ್ಪನ ಹಳೆಯ ಚಟ. ಅತ್ತೆ ಅದನ್ನು ಕಂಡರೆ ಉರಿಯುತ್ತಿದ್ದಳು. ಆದರೆ ಕೂಸನ್ನು ಆ ಮೊಣಕಾಲಿನ ಮೇಲೆ ಕೂಡ್ರಿಸಿದರೆ ಕೇಕೆ ಹಾಕಿ ನಗುತ್ತಿತ್ತು. ಮಾವನ ಮನೆಯಲ್ಲಿ ಅವನ ಕಾಲಿಗೆ ಬೆಲೆ ಕೊಡುತ್ತಿದ್ದುದು ಅದೊಂದೇ ಜೀವ.

ಊಟವಾದ ಮೇಲೆ ಅಮಾತೆಪ್ಪ ಗುರಪ್ಪನ ಫೋಟೋವನ್ನು ಹತ್ತಿರ ಹೋಗಿ ಪರೀಕ್ಷಿಸಿದ. ಕೋಟಿಗೆ ನಡುವಿನ ಗುಂಡಿ ಮಾತ್ರ ಬೇರೆ ಬಣ್ಣದ್ದು. ಅದಿರಲಿ, ಅದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ಫೋಟೋ ಮೊಣಕಾಲಿಗೇ ಮುಗಿದಿತ್ತು! ತಲಾಠಿಯ ಕಾಲಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ಬಲ್ಲವರಾರು? ಅಮಾತೆಪ್ಪ ಇಳಕಲ್ಲಿಗೆ ಮರಳಿದವನೇ ಕರೀ ಬೂಟು ಕೊಂಡ. ನಡೆದರೆ ಅವು ಕಿರ್ರೆನ್ನುತ್ತಿದ್ದವು, ಹಿಮ್ಮಡಿ ಕಚ್ಚುತ್ತಿದ್ದವು. ಆದರೆ ಫೋಟೋದಲ್ಲಿ ಸದ್ದೂ ಕೇಳುವುದಿಲ್ಲ, ಬೊಕ್ಕೆಯೂ ಕಾಣುವುದಿಲ್ಲ. ನೆತ್ತಿಯಿಂದ ಬೂಟಿನವರೆಗೆ ಪೂರ್ತಿ ಫೋಟೋ ತೆಗೆಸುವುದೆಂದು ಅವನು ಪಣ ತೊಟ್ಟ.

ಬಾದಾಮಿಯ ಕೆಂಪು ಗುಡ್ಡಗಳು ರೊಟ್ಟಿ ಹಂಚಿನ ಹಾಗೆ ಕಾದಿದ್ದ ಒಂದು ದಿನ ಸಕಲ ಪರಿವಾರ ಅಕ್ಬರಸಾಬನ ಸ್ಟುಡಿಯೋಕ್ಕೆ ಹೊರಟಿತು. ಮುಂದೆ ಕಿರ್ರಕಿರ್ರ ಎಂದು ಅಮಾತೆಪ್ಪ. ಹಿಂದೆ ಸೆರಗು ಹೊದ್ದ ಸಂಗವ್ವ. ಅವಳ ತೋಳಿನಲ್ಲಿ, ಗುಳೇದಗುಡ್ಡದ ಖಣದಲ್ಲಿ ಹೊಲಿದ, ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದ ಕುಂಚಿಗೆ ತೊಟ್ಟ ಕೂಸು. ಕೊನೆಯಲ್ಲಿ ಗುರುಲಿಂಗವ್ವ, ಬಗಲಲ್ಲಿ ತಾನೇ ಹಳೆಯ ಬಟ್ಟೆ ಜೋಡಿಸಿ ಹೊಲಿದ ಒಂದು ಕೌದಿ ಹಿಡಿದು. ಊರ ಮಂದಿಯೆಲ್ಲ ಕೂತೆದ್ದ ಸ್ಟುಡಿಯೋದ ಕುರ್ಚಿಯ ಮೇಲೆ ತನ್ನ ಮೊಮ್ಮಗಳನ್ನು ಬರಿದೇ ಇಡಲು ಅವಳು ತಯಾರಿರಲಿಲ್ಲ. ದಾರಿಯಲ್ಲಿ ಯಾರಾದರೂ ಕೂಸನ್ನು ನೋಡಿದರೆ ಸಾಕು, ಕಾಡಿಗೆಯ ಬೊಟ್ಟನ್ನು ಇನ್ನಷ್ಟು ತಿದ್ದುತ್ತಿದ್ದಳು. ಸ್ಟುಡಿಯೋ ಮುಟ್ಟುವ ಹೊತ್ತಿಗೆ ಆ ಬೊಟ್ಟು ಗಲ್ಲದ ಅರ್ಧ ಜಹಗೀರು ಮಾಡಿಕೊಂಡಿತ್ತು.

ಸ್ಟುಡಿಯೋದ ಗೂಟಕ್ಕೆ ಒಂದು ಕೋಟು ನೇತಾಡುತ್ತಿತ್ತು. ನಡುವಿನ ಗುಂಡಿ ಬೇರೆ ಬಣ್ಣದ್ದು. ಅಮಾತೆಪ್ಪ ಹತ್ತಿರ ಹೋಗಿ ಆ ಗುಂಡಿಯನ್ನು ಮುಟ್ಟಿ ನೋಡಿದ.

“ಅಕ್ಬರಸಾಬರ, ಇದು ಯಾರ ಕೋಟ್ರಿ?”

“ಸ್ಟುಡಿಯೋದ್ದ್ರಿ. ಎಲ್ಲಾರಿಗೂ ಇದ. ನಿಮ್ಮ ತಲಾಠಿ ಸಾಹೇಬರೂ ಇದನ್ನ ಹಾಕ್ಕೊಂಡು ತೆಗಿಸಿದ್ರಲ್ರಿ.”

ಕೋಟಿನ ಬೆನ್ನು ಸೀಳಿ ಲಾಡಿ ಹಚ್ಚಿತ್ತು. ಯಾರ ಮೈಗಾದರೂ ಕಟ್ಟಿ ಕೂಡ್ರಿಸಬಹುದಿತ್ತು. ಅದನ್ನು ತೊಡುವಾಗ ಅಮಾತೆಪ್ಪನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. (ಇದನ್ನು ಸಂಗವ್ವನಿಗೆ ಹೇಳಬೇಡಿ.) ಆ ಹುರುಪಿನಲ್ಲಿ ಸ್ಟುಡಿಯೋದ ಡಬ್ಬಿಯ ಪೌಡರನ್ನು ಮುಖಕ್ಕೆ ಧಾರಾಳವಾಗಿ ಬಡಿದುಕೊಂಡು ಕುರ್ಚಿಯಲ್ಲಿ ವಿರಾಜಮಾನನಾದ.

“ಲಗೂನ ಆಗಬೇಕ್ರಿ,” ಎಂದ ಅಕ್ಬರಸಾಬ. “ರೀಲಿನ್ಯಾಗ ಒಂದ ಫೋಟೋ ಉಳದೈತಿ. ಹೊಸ ರೀಲು ಹುಬ್ಬಳ್ಳಿಯಿಂದ ಯಾವಾಗ ಬರತೈತೋ ಏನೋ.”

ಸಂಗವ್ವ ಕೂಸನ್ನು ಗಂಡನ ತೊಡೆಯ ಮೇಲಿಟ್ಟಳು. ಕೂಸು ಮೊದಲು ಕೋಟಿನ ನುಸಿಗುಳಿಗೆಯ ವಾಸನೆ ನೋಡಿತು. ಆಮೇಲೆ ಕತ್ತೆತ್ತಿ ಬೆಳ್ಳನೆಯ ಮುಖ ನೋಡಿತು. ಆಮೇಲೆ ಅದು ಕಿರುಚಿದ ರೀತಿಗೆ ಗುಡ್ಡದ ಮೇಲಿನ ಮಂಗಗಳೂ ತಿರುಗಿ ನೋಡಿರಬೇಕು.

“ಅಷ್ಟ್ಯಾಕ ಪೌಡರ್ ಬಡಕೊಂಡ್ರಿ?” ಸಂಗವ್ವ ಸಿಡುಕಿದಳು. “ನನಗ ಗುರ್ತ ಸಿಗವಲ್ದು, ಇನ್ನ ಕೂಸಿಗೆ ಹೆಂಗ ಸಿಗಬೇಕು?”

“ಫೋಟೋದಾಗ ಕರ್ರಗ ಬರ್ತೇನಿ ಅಂತ…”

“ಈಗ ದೆವ್ವ ಬಂದಂಗ ಬರ್ತೀರಿ, ನಡೀತೈತಿ?”

ಮುಖ ಒರೆಸಿದ್ದಾಯಿತು. ಬೆವರು, ಪೌಡರು ಎರಡೂ ಕೂಡಿ ಪಟ್ಟೆಪಟ್ಟೆಯಾಗಿ ಮುಖ ಇನ್ನೂ ಭಯಂಕರವಾಯಿತು. ಕೂಸನ್ನು ತಾಯಿಯ ತೊಡೆಯ ಮೇಲಿಟ್ಟರೆ ಅದಕ್ಕೆ ಹಾಲಿನ ನೆನಪಾಗಿ ಕ್ಯಾಮೆರಾಕ್ಕೆ ಬೆನ್ನು ತೋರಿಸಿತು. ಗುರುಲಿಂಗವ್ವ ಫೋಟೋಕ್ಕೆ ಕೂಡಲಾರೆನೆಂದಳು. ಬರೀ ಕುರ್ಚಿಯ ಮೇಲೆ ಕೌದಿ ಹಾಸಿ ಕೂಡ್ರಿಸಿದರೆ ಕೂಸು ಹಿಟ್ಟಿನ ಉಂಡೆಯ ಹಾಗೆ ಒಂದು ಕಡೆಗೆ ವಾಲಿತು.

“ಒಂದು ಉಪಾಯ ಐತ್ರಿ,” ಎಂದ ಅಕ್ಬರಸಾಬ. “ಯಾರರೆ ಒಬ್ಬರು ಕೌದಿ ಹೊತ್ಕೊಂಡು ಕುರ್ಚಿ ಆಗಬೇಕು. ಒಳಗಿಂದ ಕೂಸಿನ್ನ ಹಿಡೀಬೇಕು. ನೋಡಿದವ್ರಿಗೆ ಕೂಸು ಕುರ್ಚಿ ಮ್ಯಾಲೆ ಕುಂತಂಗ ಕಾಣತೈತಿ.”

ಮೂವರೂ ಅಮಾತೆಪ್ಪನ ಕಡೆ ನೋಡಿದರು.

ಅವನು ಚಕಾರ ಎತ್ತದೆ ಒಪ್ಪಿದ್ದನ್ನು ಕಂಡು ಸಂಗವ್ವನಿಗೆ ಅನುಮಾನವೇ ಬಂತು. ಅನುಮಾನ ಸುಳ್ಳಲ್ಲ. ಅಮಾತೆಪ್ಪ ಅಕ್ಬರಸಾಬನನ್ನು ಪರದೆಯ ಮರೆಗೆ ಕರೆದು ಪಿಸುಗುಟ್ಟಿದ್ದ: “ನೀವು ರೆಡಿ ಅನ್ರಿ. ಅಂದ ಕೂಡಲೆ ನಾ ಕೌದಿ ಸರಸಿ ಮುಖಾ ಹೊರಗ ಹಾಕ್ತೇನಿ. ಅಷ್ಟರಾಗ ಒತ್ತಿಬಿಡ್ರಿ.”

ಕೌದಿಯ ಒಳಗೆ ಕತ್ತಲೆ, ಉಸಿರು ಕಟ್ಟುವ ಸೆಖೆ. ಮೇಲೆ ಆ ಕೋಟು ಬೇರೆ. ಕೂಸನ್ನು ಅವನ ತೊಡೆಯ ಮೇಲೆ ಇಟ್ಟರು. ಅದು ಮುಸಿಮುಸಿ ಅಳುತ್ತಿತ್ತು. ಅಮಾತೆಪ್ಪ ಕೌದಿಯ ಮೂಲಕವೇ ಅದರ ಪಕ್ಕೆ ಹಿಡಿದ. ಚಟ ಎಲ್ಲಿ ಹೋಗುತ್ತದೆ? ಮೊಣಕಾಲು ತಾನಾಗಿಯೇ ಕುಣಿಯಿತು.

ಅಳು ನಿಂತಿತು. ಕೂಸು ಒಂದು ಗಳಿಗೆ ಯೋಚಿಸಿತು. ಮುಖ ಗುರುತು ಸಿಗದಿದ್ದರೇನು, ಮೊಣಕಾಲು ಗುರುತು ಸಿಕ್ಕಿತ್ತು! ಕೇಕೆ ಹಾಕಿ ನಕ್ಕಿತು. ಕೌದಿಯ ಸಮೇತ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆ ಆನಂದದ ಭರದಲ್ಲಿ ತನ್ನಿಂದಾದ ಇನ್ನೊಂದು ಉಪಕಾರವನ್ನೂ ಮಾಡಿತು. ಬೆಚ್ಚಗಿನ ಧಾರೆ ಕೌದಿ ದಾಟಿ, ಕೋಟು ದಾಟಿ, ಪ್ಯಾಂಟು ದಾಟಿ ಹೊಸ ಬೂಟಿನ ಒಳಗೆ ಇಳಿಯಿತು.

“ರೆಡೀ!” ಎಂದು ಕೂಗಿದ ಅಕ್ಬರಸಾಬ.

ಕೌದಿ ಸರಿಸಿದರೆ ಆಯಿತು, ಗೋಡೆ ಅವನದು. ಆದರೆ ಸರಿಸಿದರೆ ಆ ಪಟ್ಟೆಪಟ್ಟೆ ಮುಖ ಕೂಸಿಗೆ ಕಾಣುತ್ತದೆ, ನಗು ನಿಲ್ಲುತ್ತದೆ. ಕೂಸು ನಗುವುದು ಅವನ ಮೊಣಕಾಲಿಗೆ ತಿಳಿಯುತ್ತಿತ್ತು. ಅದರ ಹೊಟ್ಟೆ ಕುಲುಕುವುದು ಅಂಗೈಗೆ ತಿಳಿಯುತ್ತಿತ್ತು. ಅಂಥ ನಗುವನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಗೋಡೆಯೂ ಬೇಡವಾಯಿತು, ಮೊಳೆಯೂ ಬೇಡವಾಯಿತು. ಕಾಲು ನಿಲ್ಲಿಸಿ, ಉಸಿರು ಬಿಗಿಹಿಡಿದು, ಸಾಕ್ಷಾತ್ ಕುರ್ಚಿಯೇ ಆಗಿಬಿಟ್ಟ. ಕ್ಯಾಮೆರಾ ಕಿಟಕ್ಕೆಂದಿತು.

ಹೊರಗೆ ಬಂದ ಕೂಡಲೇ ಗೋಡೆ ಮತ್ತೆ ಬೇಕಾಯಿತು.

“ಅಯ್ಯಯ್ಯ, ನಾ ಬರಲೇ ಇಲ್ಲಲ್ರಿ!”

“ಕೋಟಿನ ಚಿಂತಿ ಬಿಡ್ರಿ,” ಎಂದ ಅಕ್ಬರಸಾಬ, ಅವನ ಸಂಕಟ ಯಾವುದೆಂದು ತಿಳಿಯದೆ, ಕೋಟನ್ನು ಬಿಸಿಲಿಗೆ ಹಾಕುತ್ತ. “ಇದಕ್ಕ ಇದೇನ್ ಹೊಸಾದಲ್ಲ. ತಲಾಠಿ ಸಾಹೇಬರ ಮಗನೂ ಅಭಿಷೇಕ ಮಾಡ್ಯಾನ.”

ಕೂಸನ್ನು ಇಳಕಲ್ಲಿಗೆ ಕಳಿಸುವ ದಿನ ಬೀಗರೆಲ್ಲ ನೆರೆದರು. ಕ್ಯಾಲೆಂಡರು ಅಡಿಗೆಮನೆ ಸೇರಿತ್ತು; ಮೊಳೆಗೆ ನೀಲವ್ವನ ಫೋಟೋ ಏರಿತ್ತು. ಬಂದವರೆಲ್ಲ ಕೂಸಿನ ನಗು ಹೊಗಳಿದರು. ಗುರುಲಿಂಗವ್ವ ಕೌದಿಯ ಹೊಲಿಗೆ ತೋರಿಸಿ ಅದನ್ನೂ ಹೊಗಳಿಸಿಕೊಂಡಳು. ಹೊಗಳಿಸಿಕೊಳ್ಳಲು ಏನೂ ಉಳಿಯದ ಅಮಾತೆಪ್ಪ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ.

ಗುರಪ್ಪ ಕೈ ಹಿಂದೆ ಕಟ್ಟಿಕೊಂಡು, ಹೊಲದ ಬಾಂದುಗಲ್ಲು ನೋಡುವವನ ಹಾಗೆ ಫೋಟೋ ನೋಡಿದ.

“ಕೂಸು ಭಾಳ ಛಂದ ಬಂದೈತಿ. ಆದ್ರ ಅಮಾತೆಪ್ಪ, ಈ ಕುರ್ಚಿಗೆ ಬೂಟು ಯಾಕ ಹಾಕ್ಯಾರ?”

ಎಲ್ಲರೂ ಗೋಡೆಗೆ ಮುಗಿಬಿದ್ದರು. ಹೌದು! ಕೌದಿಯ ಅಂಚಿನ ಕೆಳಗೆ ಎರಡು ಕರೀ ಬೂಟು ಮಿರಿಮಿರಿ ಮಿಂಚುತ್ತಿದ್ದವು. ಅಮಾತೆಪ್ಪ ಬೇಡ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಂತೆಯೇ ಸಂಗವ್ವ ಪೌಡರಿನಿಂದ ಹಿಡಿದು ಅಭಿಷೇಕದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಪಡಸಾಲೆ ನಕ್ಕು ನಕ್ಕು ಸುಸ್ತಾಯಿತು. ಗುರುಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರಪ್ಪ ಮಾತ್ರ ನಗಲಿಲ್ಲ. ತನ್ನ ತೊಡೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ಮಗನ ಫೋಟೋ ನೋಡಿದ, ಪಕ್ಕದ ನಗು ನೋಡಿದ, ಬಸುರಿ ಹೆಂಡತಿ ಸಿದ್ದವ್ವನ ಕಡೆ ನೋಡಿದ.

“ದೀಪಾವಳಿ ಹೊತ್ತಿಗೆ ಇಕಿದು ಹೆರಿಗಿ ಐತಿ,” ಎಂದ. “ಆ ಕೂಸಿನ ಫೋಟೋಕ್ಕೂ ನನಗ ಇದ ಕುರ್ಚಿ ಬೇಕು ನೋಡಪಾ. ಬರ್ತೀಯಲ್ಲ?”

ಗಂಡನಿಗೆ ಈಗ ಸಿಟ್ಟು ಬರುತ್ತದೆಂದು ಸಂಗವ್ವ ನಗು ನಿಲ್ಲಿಸಿದಳು. ಅಮಾತೆಪ್ಪ ಗೋಡೆಯನ್ನೊಮ್ಮೆ ನೋಡಿದ. ಇನ್ನೊಂದು ಮೊಳೆಗೆ ಅಲ್ಲಿ ಜಾಗ ಇತ್ತು. ಗೋಡೆಯ ಮೇಲೆ ಆಗ ತಲಾಠಿಯದು ಒಂದು ಫೋಟೋ ಆಗುತ್ತದೆ, ತನ್ನವು ಎರಡು.

“ಬರದ ಇರ್ತೇನೇನ್ರಿ! ಬರ್ತೇನಿ,” ಎಂದ. ಮೊಣಕಾಲು ಕುಣಿಯತೊಡಗಿತ್ತು. ಗುರುಲಿಂಗವ್ವ ಈ ಸಲ ಬೈಯುವ ಬದಲು ಕೂಸನ್ನು ತಂದು ಅದರ ಮೇಲೆ ಕೂಡ್ರಿಸಿದಳು. “ಆದ್ರ ಕೌದಿ ಮಾತ್ರ ಸ್ವಲ್ಪ ಸಣ್ಣದು ತರ್ರಿ,” ಎಂದು ಸೇರಿಸಿದ ಅಮಾತೆಪ್ಪ. “ಬೂಟು ಪೂರ್ತಿ ಕಾಣಬೇಕು.”