ಬೆಳವನಹಕ್ಕಿಯ ದಿನ ತುಂಬಿದ ಕೋರ್ಟು

ಎಲಿಸಿಯೊ ಕೋರ್ಟಿನ ಬಾಗಿಲು ತೆಗೆಯುವುದಕ್ಕೂ ಒಳಗೆ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ರಾಜ್ಯದ ರಾಜಧಾನಿ ಆಸ್ಟಿನ್ನಿನಿಂದ ಮಿಸೆಸ್ ಕ್ರೆನ್‌ಶಾ ಎಂಬಾಕೆ ಹೊರಟಿದ್ದಾರಂತೆ. ಮೆಕ್ಸಿಕೋ ಗಡಿಯ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಕ್ರಿಮಿನಲ್ ಕೇಸುಗಳು ಗುಡ್ಡೆಬಿದ್ದಿವೆಯೆಂದು ಸರ್ಕಾರ ಕೊಡುವ ಹೆಚ್ಚುವರಿ ಅನುದಾನದ ತನಿಖೆಗೆ ಬರುವುದಂತೆ. ಹೊರೆ ಎಷ್ಟಿದೆಯೆಂದು ಕಣ್ಣಾರೆ ನೋಡಿ ಬರೆದರಷ್ಟೇ ಮುಂದಿನ ವರ್ಷಕ್ಕೆ ಅನುದಾನ.

ಎಲಿಸಿಯೊ ಫೋನು ಕೆಳಗಿಟ್ಟ. ಕೇಸುಗಳಿಗೆ ದಿನ ಗೊತ್ತುಮಾಡುವ ಗುಮಾಸ್ತ ಅವನು. ಅವನ ಸಂಬಳ ಬರುತ್ತಿದ್ದುದೇ ಆ ಅನುದಾನದಿಂದ. ವಸಂತದಲ್ಲಿ ಮಗಳಿಗೆ ಹದಿನೈದು ತುಂಬುತ್ತದೆ; ಅವರ ಕಡೆ ಅದು ಮದುವೆಯಷ್ಟೇ ದೊಡ್ಡ ಸಮಾರಂಭ. ಊರಿಗೆಲ್ಲ ಹೇಳಿಯಾಗಿದೆ, ನೀಲಿ ಗೌನು ಹೊಲಿಯಲು ಕೊಟ್ಟಾಗಿದೆ. ಕೇಸುಗಳಿಗೇನೋ ಬರವಿಲ್ಲ, ಕಪಾಟು ಬಿರಿಯುವಷ್ಟಿವೆ. ಬರ ಇದ್ದದ್ದು ಜನರಿಗೆ. ಇವತ್ತು ಬೆಳವನಹಕ್ಕಿ ಬೇಟೆಯ ಮೊದಲ ದಿನ. ಈ ದಿನ ಸಾಲ್ಸಿದೋ ಕೌಂಟಿಯಲ್ಲಿ ಯಾರಾದರೂ ಕೆಲಸಕ್ಕೆ ಬಂದರೆ ಅವರಿಗೆ ಮೈ ಹುಷಾರಿಲ್ಲವೆಂದೇ ಅರ್ಥ.

ಎಲಿಸಿಯೊ ಬಂದಿದ್ದಕ್ಕೂ ಅದೇ ಕಾರಣ. ಬಂದೂಕಿನ ಸದ್ದು ಕೇಳಿದರೆ ಪಾಪ, ಅವನಿಗೆ ಬಿಕ್ಕಳಿಕೆ ಹತ್ತುತ್ತದೆ; ಪ್ರತಿ ವರ್ಷ ಈ ದಿನ ಕೋರ್ಟಿನ ಬಾಗಿಲು ಒಳಗಿಂದ ಹಾಕಿಕೊಂಡು, ಯಾರು ಬಡಿದರೂ ತೆಗೆಯದೆ ಕೂತುಬಿಡುತ್ತಾನೆ. ಅವನನ್ನು ಬಿಟ್ಟರೆ, ಕಾಲು ಉಳುಕಿಸಿಕೊಂಡು ಮುಖ ಊದಿಸಿ ಕೂತಿದ್ದ ದಫ್ತರದ ಯಜಮಾನಿ ದೋನ್ಯಾ ಒರ್ತೆನ್ಸಿಯಾ ಒಬ್ಬಳೇ. ಊರಿನ ಎಲ್ಲರ ವಿಷಯಕ್ಕೂ ತಲೆಹಾಕುವ ಮುದುಕಿ.

"ಖಾಲಿ ಕೋರ್ಟು ತೋರಿಸಿದ್ಯೋ, ನಿನ್ನ ಕತೆ ಮುಗೀತು ಮಿಹೋ, ನನ್ ಮಗನೇ," ಎಂದಳು. "ಎಲ್ರೂ ಬೆಟೋನ ಜೋಳದ ಹೊಲದಲ್ಲಿ ಬಿದ್ಕೊಂಡಿದಾರೆ. ಹೋಗಿ ಎಳ್ಕೊಂಡು ಬಾ."

"ನಾನು ಕರೆದ್ರೆ ಬರ್ತಾರಾ ದೋನ್ಯಾ?"

"ಜಡ್ಜನ್ನ ಹಿಡ್ಕೊಳ್ಳೋ ಪೆದ್ದೇ! ಮಿಕ್ಕೋರು ತಾವಾಗೇ ಬರ್ತಾರೆ. ನಾನು ಅಷ್ಟರಲ್ಲಿ ರೊಟ್ಟೀಲಿ ಮಾಂಸ ಸುತ್ತಿದ ಬಾರ್ಬಕೋವಾ ಟ್ಯಾಕೋ ತರಿಸಿಡ್ತೀನಿ. ಮಾಂಸದ ವಾಸನೆ ಹೊಡೆದ್ರೆ ಒಬ್ನೂ ಎದ್ದು ಹೋಗಲ್ಲ."

ಹೊಲ ಕಾಣುವ ಮೊದಲೇ ಬಿಕ್ಕಳಿಕೆ ಶುರುವಾಯಿತು. ಕೊಯ್ದ ಜೋಳದ ಕೂಳೆಯ ನಡುವೆ ಜಡ್ಜ್ ಕಾಂತೂ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಎಡಕ್ಕೆ ಸರ್ಕಾರಿ ವಕೀಲ, ಬಲಕ್ಕೆ ಆರೋಪಿಗಳ ವಕೀಲ. ಮೂವರಿಗೂ ತಣ್ಣನೆ ನೀರು ಕೊಡುತ್ತಿದ್ದವನು ಹೊಲದ ಯಜಮಾನ ಬೆಟೋ. ಪಕ್ಕದವನ ಬೇಲಿ ಮುರಿದ ಅವನ ಕೇಸನ್ನು ಇದೇ ಮೂವರು ಎರಡು ವರ್ಷದಿಂದ ವಾಯಿದೆಯ ಮೇಲೆ ವಾಯಿದೆ ಹಾಕಿ ಮುಂದೂಡುತ್ತಿದ್ದರು. ಸುತ್ತ ಕೂತಿದ್ದವರಲ್ಲೂ ಮುಕ್ಕಾಲು ಪಾಲು ಅಂಥವರೇ.

"ಬಗ್ಗೋ! ಬಗ್ಗೋ!" ಎಂದು ಜಡ್ಜು ಹಲ್ಲು ಕಡಿದರು.

"ಯುವರ್ ಆನರ್... ಬಿಕ್! ಆಸ್ಟಿನ್ನಿಂದ ತನಿಖೆ... ಬಿಕ್! ನನ್ನ ಕೆಲಸ ಹೋಗುತ್ತೆ ಸ್ವಾಮಿ... ಬಿಕ್!"

ಇಳಿಯಲು ಬಂದ ಹಕ್ಕಿಗಳ ಹಿಂಡು ಆ ಸದ್ದಿಗೆ ಬೆದರಿ ಹೊಳೆಯಾಚೆಯ ಮೆಕ್ಸಿಕೋ ಕಡೆ ತಿರುಗಿತು. ಅದರ ಹಿಂದಿನದೂ ತಿರುಗಿತು.

"ಥೂ! ಇವನಿಲ್ಲಿದ್ರೆ ಒಂದು ಪುಕ್ಕಾನೂ ಬೀಳಲ್ಲ," ಜಡ್ಜು ಎದ್ದುನಿಂತರು. "ನಡೀರಪ್ಪ ಎಲ್ರೂ. ಸಂಜೆ ಹಕ್ಕಿ ವಾಪಸ್ ಬರೋದ್ರೊಳಗೆ ಮುಗಿಸ್ಕೊಂಡು ಬಂದ್ಬಿಡೋಣ."

ಬಂದೂಕುಗಳೆಲ್ಲ ಗಾಡಿಗಳಲ್ಲೇ ಉಳಿದವು, ಜನ ಕೋರ್ಟು ತುಂಬಿದರು. ಬೆಂಚು ಸಾಲದೆ ಕಿಟಕಿಕಟ್ಟೆಯ ಮೇಲೂ ಹತ್ತಿ ಕೂತರು. ಸೊಂಟದಲ್ಲಿ ಹಕ್ಕಿ ನೇತಾಡಿಸಿಕೊಂಡು ಒಂದು ಕೈಯಲ್ಲಿ ಟ್ಯಾಕೋ ಹಿಡಿದ ಆರೋಪಿಗಳು. ಫ್ಯಾನಿನ ಗಾಳಿಗೆ ಪುಕ್ಕದ ಮಳೆ. ಮಿಸೆಸ್ ಕ್ರೆನ್‌ಶಾ ಬಾಗಿಲಲ್ಲೇ ಬೆರಗಾಗಿ ನಿಂತರು. ಎಲಿಸಿಯೊಗೆ ನೀಲಿ ಗೌನು ಕಣ್ಣಮುಂದೆ ಕುಣಿಯಿತು. ಬಿಕ್ಕಳಿಕೆಯೂ ನಿಂತಿತು.

"ಬೆಟೋ, ಬೇಲಿ ಮುರಿದ್ಯಾ?" ಜಡ್ಜು ಕೇಳಿದರು.

"ಮುರಿದೆ ಸಾರ್. ಎರಡು ವರ್ಷ ಅಲೆದು ಸಾಕಾಗೋಗಿದೆ."

"ತಪ್ಪು ಒಪ್ಕೊಂಡಿದಾನೆ," ಎಂದ ಅವನ ವಕೀಲ, ಗಡಿಯಾರ ನೋಡುತ್ತ.

"ರಿಪೇರಿ ಮಾಡಿಕೊಟ್ರೆ ನಮ್ಮ ತಕರಾರಿಲ್ಲ," ಎಂದ ಸರ್ಕಾರಿ ವಕೀಲ, ಕಿಟಕಿಯಾಚೆಯ ಆಕಾಶ ನೋಡುತ್ತ.

"ಮುಗೀತು. ಮುಂದಿನವನು ಬಾರೋ!"

ಎಲಿಸಿಯೊ ಕಪಾಟಿನ ಕಡೆ ತಿರುಗಿ ನೋಡಿದ: ಹೀಗೆ ಮುಗಿಯುತ್ತ ಹೋದರೆ ಹೊರೆಯೂ ಉಳಿಯದು, ಅನುದಾನವೂ ಉಳಿಯದು. ಇಷ್ಟು ವರ್ಷ ಆರೋಪಿ ಬಂದರೆ ವಕೀಲನಿಲ್ಲ, ವಕೀಲ ಬಂದರೆ ಜಡ್ಜಿಲ್ಲ. ಎಲ್ಲರೂ ಒಂದೇ ಸೂರಿನಡಿ ಸೇರಿದ್ದು ಇದೇ ಮೊದಲು. ಸೇರಿಸಿದವನು ಅವನೇ.

"ಯುವರ್ ಆನರ್, ಒಂದೆರಡಕ್ಕಾದ್ರೂ ವಾಯಿದೆ ಹಾಕಿ!" ಎಂದು ಪಿಸುಗುಟ್ಟಿದ.

"ಸುಮ್ನಿರಯ್ಯ, ಹಕ್ಕಿ ಬರೋ ಹೊತ್ತಾಯ್ತು!"

ಬಿಸಿಲು ಇಳಿಯುವಷ್ಟರಲ್ಲಿ ಕಪಾಟು ಬರಿದಾಗಿತ್ತು. ಕುಡಿದು ಗಾಡಿ ಓಡಿಸಿದವನು, ಕುಣಿತದ ಮನೆಯಲ್ಲಿ ಹೊಡೆದಾಡಿದವನು, ಎಲ್ಲರೂ ಶಿಕ್ಷೆಯೋ ದಂಡವೋ ಒಪ್ಪಿಕೊಂಡು ಹೊಲದ ಕಡೆ ಓಡಿದರು. ಖಾಲಿ ಬೆಂಚುಗಳ ನಡುವೆ ಮಿಸೆಸ್ ಕ್ರೆನ್‌ಶಾ ಮತ್ತು ಎಲಿಸಿಯೊ ಇಬ್ಬರೇ ಉಳಿದರು.

"ಒಂದು ಕೇಸೂ ಬಾಕಿ ಇಲ್ಲ. ಕಣ್ಣಾರೆ ನೋಡಿದ್ಮೇಲೆ ಸುಳ್ಳು ಬರೆಯೋಕಾಗುತ್ತಾ ಹೇಳಿ?" ಆಕೆಗೆ ನಿಜವಾಗಿಯೂ ಬೇಜಾರಾಗಿತ್ತು. "ಅನುದಾನ ಪಕ್ಕದ ಕೌಂಟಿಗೆ ಹೋಗುತ್ತೆ. ಯಾಕಪ್ಪ ಇಷ್ಟೊಂದು ಕಷ್ಟಪಟ್ರಿ?"

"ಕೋರ್ಟು ಖಾಲಿ ಕಂಡ್ರೆ ನೀವು..."

"ಖಾಲಿ ಇರ್ಲಿ ಅಂತ್ಲೇ ಅಲ್ವಾ ನಾನು ಪ್ರತಿ ವರ್ಷ ಈ ದಿನಾನೇ ಬರೋದು! ಬಾಗಿಲು ಹಾಕಿರುತ್ತೆ, ಬಡಿದ್ರೂ ಯಾರೂ ತೆಗೆಯಲ್ಲ. 'ಕೆಲಸದ ಹೊರೆ ವಿಪರೀತ, ಮಾತಾಡೋಕೂ ಯಾರೂ ಸಿಗಲಿಲ್ಲ' ಅಂತ ಬರೆದು ನನ್ನ ದಾರಿ ಹಿಡೀತೀನಿ. ಈ ಸಲ ಹೊಸ ಸಾಹೇಬರು ಮುಂಚೆ ಫೋನ್ ಮಾಡಿಸಿ ಹೋಗು ಅಂದ್ರು, ಮಾಡಿಸ್ದೆ."

ಆಕೆ ಹೊರಗೆ ಬಂದು ಕಾರಿನ ಡಿಕ್ಕಿ ತೆಗೆದರು. ಒಳಗೆ ಎಣ್ಣೆ ಹಚ್ಚಿ ಒರೆಸಿದ ಬಂದೂಕು ಮಲಗಿತ್ತು.

"ಇಲ್ಲಿ ಒಳ್ಳೆ ಹೊಲ ಯಾವುದು? ಸ್ವಲ್ಪ ಜೊತೆಗೆ ಬಂದು ತೋರಿಸ್ತೀರಾ? ಹೇಗೂ ನಿಮಗೆ ಇನ್ನು ಕೆಲಸ ಇಲ್ವಲ್ಲ."

ಹೇಗೂ ಇರಲಿಲ್ಲ. ಎಲಿಸಿಯೊ ಕಾರು ಹತ್ತಿದ. ದೂರದ ಜೋಳದ ಹೊಲದಿಂದ ಸಂಜೆಯ ಮೊದಲ ಗುಂಡಿನ ಸದ್ದು ಬಂತು.

"ಬಿಕ್!" ಎಂದ ಎಲಿಸಿಯೊ.